ಕೆಂಪು ಸಿಲಿಂಡರಿನ ಒಳಗುಟ್ಟು

ಬೆಳಗ್ಗಿನ ಚಹಾದಿಂದ ಹಿಡಿದು ರಾತ್ರಿ ಮಗುವಿಗೆ ಹಾಲು ಕಾಯಿಸುವ ತನಕ ದಿನಕ್ಕೆ ಎಷ್ಟು ಸಲ ಗ್ಯಾಸ್ ಒಲೆ ಉರಿಸುತ್ತೀರಿ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ನಾಬ್ ತಿರುಗಿಸಿ ಲೈಟರ್ ಒತ್ತಿದರೆ ಸಾಕು, ನೀಲಿ ಜ್ವಾಲೆ ಸಿದ್ಧ. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡ ನಮ್ಮ ಅಜ್ಜಿಯಂದಿರು ಇಂತಹ ಒಲೆಯನ್ನು ಕನಸಿನಲ್ಲೂ ಕಂಡವರಲ್ಲ.

ಆದರೆ ಅಡುಗೆಮನೆಯ ಮೂಲೆಯಲ್ಲಿ ಸದ್ದಿಲ್ಲದೆ ನಿಂತಿರುವ ಆ ಕೆಂಪು ಸಿಲಿಂಡರಿನೊಳಗೆ ಇರುವುದಾದರೂ ಏನು? ಅದು ಎಲ್ಲಿಂದ ಬಂತು? ಸೋರಿದಾಗ ಮೂಗಿಗೆ ಬಡಿಯುವ ಆ ಕೆಟ್ಟ ವಾಸನೆ ಯಾವುದರದು? ಬಹಳಷ್ಟು ಮನೆಗಳಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಗ್ಯಾಸ್ ಬುಕ್ ಮಾಡುವುದು, ಖಾಲಿಯಾದರೆ ಬದಲಿಸುವುದು, ಅಷ್ಟೇ. ಮನೆಯಲ್ಲಿ ದಿನವೂ ನಮ್ಮ ಕೈಯಡಿಯಲ್ಲಿರುವ ವಸ್ತುಗಳಲ್ಲಿ ಇಷ್ಟು ಉಪಕಾರಿಯೂ ಇಷ್ಟು ಅಪಾಯಕಾರಿಯೂ ಆದದ್ದು ಇನ್ನೊಂದಿಲ್ಲ. ಅದರ ಸ್ವಭಾವ ತಿಳಿದರೆ ಹೆದರಬೇಕಾಗಿಲ್ಲ. ತಿಳಿಯದಿದ್ದರೆ ಒಂದು ಕ್ಷಣದ ತಪ್ಪಿಗೆ ಮನೆಯೇ ಬೆಲೆ ತೆರಬೇಕಾದೀತು. ಆದ್ದರಿಂದ ಈ ತಿಂಗಳು ಅಡುಗೆ ಅನಿಲದ ಬಗ್ಗೆ ತಿಳಿಯೋಣ.

ಹೆಸರು ಗ್ಯಾಸ್, ಒಳಗಿರುವುದು ದ್ರವ!

ತುಂಬಿದ ಸಿಲಿಂಡರನ್ನು ಮೆಲ್ಲಗೆ ಅಲುಗಿಸಿದರೆ ನೀರು ಕುಲುಕಿದಂತೆ ಅನುಭವವಾಗುತ್ತದೆ. ನಿಜ, ಅದರೊಳಗೆ ಬಹುಪಾಲು ದ್ರವವೇ ಇದೆ. ಎಲ್‌ಪಿಜಿ ಎಂದರೆ ದ್ರವೀಕೃತ ಪೆಟ್ರೋಲಿಯಂ ಅನಿಲ. ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣವಿದು. ನೆಲದಾಳದ ಕಚ್ಚಾ ತೈಲವನ್ನು ಸಂಸ್ಕರಿಸುವಾಗ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳ ಜೊತೆ ಇವು ಕೂಡಾ ದೊರೆಯುತ್ತವೆ. ನೈಸರ್ಗಿಕ ಅನಿಲದ ಬಾವಿಗಳಿಂದಲೂ ಇವನ್ನು ಬೇರ್ಪಡಿಸಿ ತೆಗೆಯುತ್ತಾರೆ.

ನೀರು ಕುದಿದು ಆವಿಯಾಗಲು 100 ಡಿಗ್ರಿ ಉಷ್ಣ ಬೇಕು. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ! ಬ್ಯೂಟೇನ್ ಹೆಚ್ಚು ಕಡಿಮೆ ಸೊನ್ನೆ ಡಿಗ್ರಿಯಲ್ಲಿ ಕುದಿಯುತ್ತದೆ. ಅಂದರೆ ನಮ್ಮ ಊರಿನ ಹವೆಯಲ್ಲಿ ಇವೆರಡೂ ತೆರೆದ ಪಾತ್ರೆಯಲ್ಲಿ ದ್ರವವಾಗಿ ನಿಲ್ಲುವ ಮಾತೇ ಇಲ್ಲ. ಒತ್ತಡ ಹಾಕಿ ಗಟ್ಟಿ ಉಕ್ಕಿನ ಪಾತ್ರೆಯೊಳಗೆ ಅದುಮಿದಾಗ ಮಾತ್ರ ದ್ರವವಾಗುತ್ತವೆ. ಒಲೆಯ ನಾಬ್ ತಿರುಗಿಸಿದೊಡನೆ ಮೇಲಿನ ಒತ್ತಡ ಸಡಿಲವಾಗಿ ಸಿಲಿಂಡರಿನ ದ್ರವ ಕುದಿಯಲು ಆರಂಭಿಸುತ್ತದೆ. ಹಾಗೆ ಬಂದ ಆವಿಯೇ ನಿಮ್ಮ ಒಲೆಯಲ್ಲಿ ಉರಿಯುವುದು. ಕುದಿಯಲು ಬೇಕಾದ ಶಾಖವನ್ನು ಅದು ತನ್ನ ಪಾತ್ರೆಯಿಂದಲೇ ಹೀರಿಕೊಳ್ಳುತ್ತದೆ. ಮದುವೆ ಮನೆಯ ದೊಡ್ಡ ಒಲೆ ಬಹಳ ಹೊತ್ತು ಉರಿದಾಗ ಸಿಲಿಂಡರಿನ ಮೈ ತಣ್ಣಗಾಗಿ ಬೆವರುವುದನ್ನು ನೀವು ನೋಡಿರಬಹುದು. ಕಾರಣ ಇದೇ.

ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ದ್ರವವಿರುತ್ತದೆ. ಅದೆಲ್ಲವೂ ಅನಿಲವಾದರೆ 6,000 ಲೀಟರಿಗೂ ಹೆಚ್ಚು! ಮನೆಯ ಮೇಲಿನ 1,000 ಲೀಟರಿನ ನೀರಿನ ಟ್ಯಾಂಕಿಗಳು ಆರು ಬೇಕು ಅದನ್ನು ತುಂಬಿಸಲು. ಅಷ್ಟನ್ನು ಮಂಚದಡಿ ಹಿಡಿಸುವಷ್ಟು ಪುಟ್ಟ ಪಾತ್ರೆಯಲ್ಲಿ ಇಟ್ಟಿರುವುದೇ ಇದರ ಚಮತ್ಕಾರ. ಇದರ ಅಪಾಯವೂ ಅಲ್ಲಿಯೇ ಇದೆ.

ಸಿಲಿಂಡರಿಗೆ ಕಂಠಪೂರ್ತಿ ದ್ರವ ತುಂಬುವುದಿಲ್ಲ ಎಂಬುದು ನಿಮಗೆ ಗೊತ್ತೇ? ಸುಮಾರು ಐದರಲ್ಲಿ ಒಂದು ಪಾಲು ಜಾಗ ಖಾಲಿ ಬಿಡುತ್ತಾರೆ. ಬಿಸಿಲಿಗೆ ದ್ರವ ಹಿಗ್ಗಿದರೆ ಅದಕ್ಕೆ ಜಾಗ ಬೇಕಲ್ಲ! ಗ್ಯಾಸ್ ಮುಗಿಯುತ್ತಾ ಬಂದಾಗ ಸಿಲಿಂಡರನ್ನು ಮಲಗಿಸಿ ಉರಿಸುವವರು, ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸುವವರು ಈಗಲೂ ಇದ್ದಾರೆ. ಇದು ಖಂಡಿತ ಕೂಡದು. ಮಲಗಿಸಿದರೆ ಆವಿಯ ಬದಲು ದ್ರವವೇ ಕೊಳವೆಗೆ ನುಗ್ಗುತ್ತದೆ. ಒಲೆಯ ಬಾಯಲ್ಲಿ ಅದು ಒಮ್ಮೆಲೇ ನೂರಾರು ಪಟ್ಟು ಹಿಗ್ಗಿ ಭುಗಿಲೇಳಬಹುದು.

ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಸುಲಭ ಉಪಾಯವೊಂದಿದೆ. ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈಯನ್ನು ಒರೆಸಿ, ಕೆಲವು ನಿಮಿಷ ಬಿಟ್ಟು ನೋಡಿ. ದ್ರವ ಇರುವಷ್ಟು ಭಾಗ ತಂಪಾಗಿರುವುದರಿಂದ ಅಲ್ಲಿ ತೇವ ಬೇಗ ಆರುವುದಿಲ್ಲ. ಖಾಲಿ ಭಾಗ ಬೇಗ ಒಣಗುತ್ತದೆ.

ಇದು ಬಂದದ್ದು ಹೇಗೆ?

1910ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಪೆಟ್ರೋಲಿನ ಬಗ್ಗೆ ಒಂದು ದೂರು ಇತ್ತು. ಪಾತ್ರೆಯಲ್ಲಿ ತುಂಬಿಟ್ಟ ಪೆಟ್ರೋಲಿನಿಂದ ಏನೋ ಆವಿಯಾಗಿ ಹಾರಿಹೋಗುತ್ತದೆ, ಮುಚ್ಚಳ ಹಾಕಿದರೆ ಮುಚ್ಚಳವನ್ನೇ ದೂಡುತ್ತದೆ. ವಾಲ್ಟರ್ ಸ್ನೆಲ್ಲಿಂಗ್ ಎಂಬ ರಸಾಯನ ತಜ್ಞ ಈ ಆವಿಯನ್ನು ಹಿಡಿದು ಪರೀಕ್ಷಿಸಿದರು. ಪ್ರೊಪೇನ್, ಬ್ಯೂಟೇನ್‌ಗಳನ್ನು ಬೇರ್ಪಡಿಸಿ, ಒತ್ತಡ ಹಾಕಿ ದ್ರವವಾಗಿಸುವ ವಿಧಾನ ಕಂಡುಕೊಂಡರು. 1913ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಬೇಡವೆಂದು ಬಿಟ್ಟ ಆವಿ ಹೀಗೆ ಇಂಧನವಾಯಿತು.

ನಮ್ಮ ದೇಶಕ್ಕೆ ಇದು ಬಂದದ್ದು 1955ರಲ್ಲಿ, ಬರ್ಮಾ ಶೆಲ್ ಕಂಪೆನಿಯ ಮೂಲಕ ಮುಂಬೈಗೆ. 1965ರಲ್ಲಿ ಇಂಡಿಯನ್ ಆಯಿಲ್ ಕೊಲ್ಕತ್ತಾದಲ್ಲಿ ತನ್ನ 'ಇಂಡೇನ್' ಅನಿಲ ಆರಂಭಿಸಿತು. ಆಗೆಲ್ಲಾ ಗ್ಯಾಸ್ ಒಲೆ ಎಂದರೆ ಜನ ಭಯ ಪಡುತ್ತಿದ್ದರು. ಮುಂದೆ ಅದೇ ಗ್ಯಾಸ್ ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲವೂ ಬಂತು.

ವಾಸನೆ ಅದರದಲ್ಲ

ಈಗ ಬಹಳ ಮುಖ್ಯವಾದ ಸಂಗತಿಗೆ ಬರೋಣ. ಪ್ರೊಪೇನ್ ಮತ್ತು ಬ್ಯೂಟೇನ್‌ಗೆ ಬಣ್ಣವಿಲ್ಲ. ಹೇಳಿಕೊಳ್ಳುವಂತಹ ವಾಸನೆಯೂ ಇಲ್ಲ! ಹಾಗಾದರೆ ಸಿಲಿಂಡರ್ ಬದಲಿಸುವಾಗ ಮೂಗಿಗೆ ಬಡಿಯುವ, ಕೊಳೆತ ಎಲೆಕೋಸಿನಂತಹ ವಾಸನೆ ಎಲ್ಲಿಂದ ಬಂತು? ಅದು ಬೇಕೆಂದೇ ಬೆರೆಸಿದ ವಾಸನೆ. ಈಥೈಲ್ ಮರ್ಕ್ಯಾಪ್ಟಾನ್ ಎಂಬ ಗಂಧಕಯುಕ್ತ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಅನಿಲಕ್ಕೆ ಸೇರಿಸುತ್ತಾರೆ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಅದರ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು.

ಅನಿಲಕ್ಕೆ ವಾಸನೆ ಬೆರೆಸುವುದು ಕಡ್ಡಾಯವಾಗುವುದರ ಹಿಂದೆ ಕಣ್ಣೀರಿನ ಕತೆಯೊಂದಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ನ್ಯೂ ಲಂಡನ್ ಎಂಬ ಊರು. ಸುತ್ತಲೂ ತೈಲ ಬಾವಿಗಳು, ಊರಿನಲ್ಲಿ ದೊಡ್ಡ ಶಾಲೆ. ಚಳಿಗೆ ಕೊಠಡಿಗಳನ್ನು ಬೆಚ್ಚಗಿಡಲು ಶಾಲೆಯವರು ತೈಲ ಕಂಪೆನಿಯ ಕೊಳವೆಯಿಂದ ಅನಿಲ ಎಳೆದುಕೊಂಡಿದ್ದರು. ಅದು ಎಲ್ಲೋ ಸೋರಿ ಕಟ್ಟಡದಡಿಯ ಟೊಳ್ಳು ಜಾಗದಲ್ಲಿ ತುಂಬಿಕೊಳ್ಳುತ್ತಿತ್ತು. ವಾಸನೆ ಇಲ್ಲದ ನೈಸರ್ಗಿಕ ಅನಿಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18ರಂದು, ಶಾಲೆ ಬಿಡಲು ಇನ್ನು ಸ್ವಲ್ಪವೇ ಹೊತ್ತು ಇರುವಾಗ, ಮರ ಉಜ್ಜುವ ವಿದ್ಯುತ್ ಯಂತ್ರವೊಂದರ ಕಿಡಿ ಅದಕ್ಕೆ ತಗಲಿತು. ಇಡೀ ಶಾಲೆ ಸ್ಫೋಟಿಸಿ ಕುಸಿಯಿತು. ಸುಮಾರು 300 ಮಕ್ಕಳು ಮತ್ತು ಶಿಕ್ಷಕರು ಪ್ರಾಣ ಕಳೆದುಕೊಂಡರು.

ಆ ನಂತರ ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂದು ಟೆಕ್ಸಾಸ್‌ನಲ್ಲಿ ಕಾನೂನು ಬಂತು. ಕ್ರಮೇಣ ಈ ಕ್ರಮ ಜಗತ್ತಿನೆಲ್ಲೆಡೆ ಹರಡಿತು. ಇಂದು ನಿಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ನಿಮಗೆ ತಿಳಿಯುವುದು ಅಷ್ಟು ಮಕ್ಕಳ ಪ್ರಾಣ ಹೋದ ಮೇಲೆ ಜಗತ್ತು ಕಲಿತ ಪಾಠದಿಂದ. ಆ ವಾಸನೆಯನ್ನು ಉದಾಸೀನ ಮಾಡುವ ಹಕ್ಕು ನಮಗಿಲ್ಲ.

ಇದರ ಲೆಕ್ಕಾಚಾರವನ್ನೂ ತಿಳಿದುಕೊಳ್ಳಿ. ಗಾಳಿಯಲ್ಲಿ ಅಡುಗೆ ಅನಿಲ ಸುಮಾರು ಶೇಕಡಾ 2ರಿಂದ 9ರಷ್ಟು ಬೆರೆತಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಕಿಡಿ ತಗಲಿದರೂ ಉರಿಯದು. ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಐದನೇ ಒಂದು ಪಾಲು ಇರುವಾಗಲೇ ಮೂಗಿಗೆ ಗೊತ್ತಾಗುವಷ್ಟು ವಾಸನೆ ಬೆರೆಸಿರಬೇಕು ಎಂಬುದು ನಿಯಮ. ಅಂದರೆ ವಾಸನೆ ಬಂದ ಕೂಡಲೇ ಎಚ್ಚೆತ್ತರೆ ನಿಮಗೆ ಸಮಯವಿದೆ. 'ಆಮೇಲೆ ನೋಡೋಣ' ಎಂದರೆ ಆ ಸಮಯ ಕೈಬಿಟ್ಟು ಹೋಗುತ್ತದೆ. ಇನ್ನೊಂದು ವಿಷಯ: ಮೂಗು ಯಾವ ವಾಸನೆಗಾದರೂ ಬೇಗ ಒಗ್ಗಿಕೊಳ್ಳುತ್ತದೆ. ಅಲ್ಲಿಯೇ ನಿಂತು ಮೂಸುತ್ತಿದ್ದರೆ ವಾಸನೆ ಕಡಿಮೆಯಾದಂತೆ ತೋರೀತು, ಸೋರುವುದು ನಿಂತಿರಲಾರದು. ಶೀತವಾದವರಿಗೆ, ವಯಸ್ಸಾದವರಿಗೆ, ಕೋವಿಡ್ ಬಂದ ಮೇಲೆ ವಾಸನಾಶಕ್ತಿ ಕುಂದಿದವರಿಗೆ ಈ ಎಚ್ಚರಿಕೆ ತಲುಪದೇ ಇರಬಹುದು. ಮನೆಯಲ್ಲಿ ವೃದ್ಧ ಅತ್ತೆಯೋ ತಾಯಿಯೋ ಒಬ್ಬರೇ ಅಡುಗೆ ಮಾಡುತ್ತಿದ್ದರೆ ಈ ಮಾತು ನೆನಪಿರಲಿ.

ನೆಲದಲ್ಲಿ ಹರಿಯುವ ಅನಿಲ

ಹೊಗೆ ಮೇಲಕ್ಕೆ ಹೋಗುವುದನ್ನು ನೋಡಿ ನೋಡಿ ಅನಿಲವೆಲ್ಲಾ ಮೇಲಕ್ಕೇ ಹೋಗುತ್ತದೆ ಎಂದುಕೊಂಡಿದ್ದೇವೆ. ಅಡುಗೆ ಅನಿಲ ಹಾಗಲ್ಲ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದರೆ ಅದು ನೀರಿನಂತೆ ನೆಲಕ್ಕಿಳಿದು ಹರಡುತ್ತದೆ. ಹೊಂಡ, ಚರಂಡಿ, ಬೀರುವಿನ ಅಡಿ, ಮೆಟ್ಟಿಲ ಕೆಳಗಿನ ಮೂಲೆ, ಎಲ್ಲಿ ತಗ್ಗಿದೆಯೋ ಅಲ್ಲಿ ಸೇರಿಕೊಂಡು ಕುಳಿತುಬಿಡುತ್ತದೆ.

ಕರಾವಳಿಯ ಜನ ಇದರ ಭೀಕರ ರೂಪವನ್ನು ಕಂಡಿದ್ದಾರೆ. 2012ರ ಆಗಸ್ಟ್ 27ರಂದು ಕಣ್ಣೂರು ಬಳಿಯ ಚಾಲದಲ್ಲಿ ಅನಿಲ ಟ್ಯಾಂಕರ್ ಉರುಳಿ ಸ್ಫೋಟಿಸಿತು. ಇಪ್ಪತ್ತರಷ್ಟು ಮಂದಿ ಮೃತಪಟ್ಟರು. ಮರುವರ್ಷ, 2013ರ ಏಪ್ರಿಲ್ 9ರಂದು, ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂತಹುದೇ ದುರಂತ ನಡೆದು ರಸ್ತೆ ಬದಿಯ ಮನೆಗಳಲ್ಲಿದ್ದವರೂ ಬೆಂಕಿಗೆ ಬಲಿಯಾದರು. ರಸ್ತೆಯಲ್ಲಿ ಟ್ಯಾಂಕರ್ ಉರುಳಿದ್ದನ್ನು ಕಂಡರೆ ನೋಡಲು ಓಡಬಾರದು, ಮಕ್ಕಳನ್ನು ಕರೆದುಕೊಂಡು ದೂರ ಹೋಗಬೇಕು. ಮನೆ ಹತ್ತಿರವಿದ್ದರೆ ಮೊದಲು ಒಲೆ ಆರಿಸಬೇಕು.

ಅಡುಗೆಮನೆಗೂ ಇದೇ ಪಾಠ. ಸಿಲಿಂಡರನ್ನು ನೆಲಮಟ್ಟಕ್ಕಿಂತ ತಗ್ಗಾದ ಜಾಗದಲ್ಲಿ ಇಡಬೇಡಿ. ಗಾಳಿಯಾಡದ ಕಪಾಟಿನಲ್ಲಿ ಮುಚ್ಚಿಡಬೇಡಿ. ಕಪಾಟಿನಲ್ಲೇ ಇಡಬೇಕಾದರೆ ಅದರ ಬಾಗಿಲಿನ ತಳದಲ್ಲಿ ತೂತುಗಳಿರಲಿ. ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಲಿ.

ವಾಸನೆ ಬಂದರೆ ಏನು ಮಾಡಬೇಕು?

ಮೊದಲು ಒಲೆಯನ್ನೂ ಮನೆಯಲ್ಲಿ ಉರಿಯುತ್ತಿರುವ ಇತರ ಬೆಂಕಿಯನ್ನೂ ಆರಿಸಿ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಸಾಧ್ಯವಾದರೆ ರೆಗ್ಯುಲೇಟರ್ ತೆಗೆದು ಪ್ಲಾಸ್ಟಿಕ್ ಸುರಕ್ಷಾ ಮುಚ್ಚಳವನ್ನು ವಾಲ್ವ್ ಮೇಲೆ ಕೂರಿಸಿ. ಬಾಗಿಲು, ಕಿಟಕಿಗಳನ್ನೆಲ್ಲಾ ತೆರೆಯಿರಿ. ಅನಿಲ ನೆಲದ ಮೇಲಿರುವುದರಿಂದ ಕಿಟಕಿಗಿಂತ ಬಾಗಿಲೇ ಮುಖ್ಯ.

ವಿದ್ಯುತ್ ಸ್ವಿಚ್ ಮುಟ್ಟಬೇಡಿ. ಲೈಟ್ ಹಾಕುವುದೂ ಬೇಡ, ಉರಿಯುತ್ತಿರುವ ಲೈಟ್ ಆರಿಸುವುದೂ ಬೇಡ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅನಿಲ ಹೊರಹೋದೀತು ಎಂದುಕೊಳ್ಳುವವರಿದ್ದಾರೆ. ಸ್ವಿಚ್ಚಿನೊಳಗೆ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಟೆಕ್ಸಾಸ್‌ನ ಶಾಲೆಯನ್ನು ಉರುಳಿಸಿದ್ದು ಅಂತಹ ಒಂದು ಕಿಡಿಯೇ. ಫ್ರಿಜ್ ತನ್ನಷ್ಟಕ್ಕೆ ಆನ್ ಆಗಿ ಆಫ್ ಆಗುವಾಗಲೂ ಕಿಡಿ ಬರಬಹುದು. ಮೀಟರ್ ಬೋರ್ಡ್ ಮನೆಯ ಹೊರಗೆ ದೂರದಲ್ಲಿದ್ದರೆ ಅಲ್ಲಿ ಮೈನ್ ಸ್ವಿಚ್ ಬಂದ್ ಮಾಡಿ. ಎಲ್ಲರೂ ಹೊರಬಂದ ಮೇಲೆ ಮೊಬೈಲಿನಿಂದ 1906ಕ್ಕೆ ಕರೆ ಮಾಡಿ. ಅಡುಗೆ ಅನಿಲ ಸೋರಿಕೆಗೆಂದೇ ಮೀಸಲಾದ, ಹಗಲಿರುಳೂ ಕೆಲಸ ಮಾಡುವ ಸಂಖ್ಯೆಯಿದು. ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಫ್ರಿಜ್ ಬಾಗಿಲಿನ ಮೇಲೂ ಬರೆದು ಅಂಟಿಸಿ.

ಎಲ್ಲಿ ಸೋರುತ್ತಿದೆ ಎಂದು ಬೆಂಕಿಕಡ್ಡಿ ಗೀರಿ ನೋಡುವ ದುಸ್ಸಾಹಸ ಯಾವ ಕಾಲಕ್ಕೂ ಬೇಡ. ಸೋಪಿನ ನೀರು ಹಚ್ಚಿ, ಗುಳ್ಳೆ ಬಂದಲ್ಲಿ ಸೋರುತ್ತಿದೆ ಎಂದರ್ಥ.

ಜ್ವಾಲೆಯ ಬಣ್ಣ ಏನು ಹೇಳುತ್ತದೆ?

ಒಲೆಯ ಉರಿ ನೀಲಿಯಾಗಿದ್ದರೆ ಅನಿಲ ಪೂರ್ತಿ ಉರಿಯುತ್ತಿದೆ ಎಂದರ್ಥ. ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಬರ್ನರಿನ ತೂತುಗಳು ಮುಚ್ಚಿಹೋಗಿವೆ ಎಂದು ತಿಳಿಯಿರಿ. ಉಕ್ಕಿದ ಹಾಲು, ಗಂಜಿ ಸೇರಿ ತೂತು ಕಟ್ಟಿಕೊಳ್ಳುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಬರ್ನರ್ ತೆಗೆದು ಬಿಸಿನೀರಿನಲ್ಲಿ ನೆನೆಸಿ ಉಜ್ಜಿ ಪೂರ್ತಿ ಒಣಗಿಸಿ ಇಡಿ.

ಅರೆಬರೆ ಉರಿದ ಅನಿಲದಿಂದ ಇಂಧನ ನಷ್ಟವಾಗುವುದು ಒಂದು ಕಡೆ. ಅದಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮೊನಾಕ್ಸೈಡ್. ಇದಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಇದಕ್ಕೆ ವಾಸನೆ ಬೆರೆಸಿದವರೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಆಕ್ರಮಿಸಿಕೊಳ್ಳುತ್ತದೆ. ತಲೆನೋವು, ಸುಸ್ತು, ವಾಂತಿ, ನಂತರ ಪ್ರಜ್ಞೆ ತಪ್ಪುತ್ತದೆ. ಕಿಟಕಿಯಿಲ್ಲದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟು ಬಾಗಿಲು ಹಾಕಿ ಸ್ನಾನ ಮಾಡುವವರು ಪ್ರಾಣ ಕಳೆದುಕೊಳ್ಳುವುದು ಇದರಿಂದಲೇ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಬಿಸಿನೀರು ಕೊಳವೆಯಲ್ಲಿ ಒಳಗೆ ಬರಲಿ. ಈ ಒಂದು ಬದಲಾವಣೆಗೆ ತಗಲುವ ಖರ್ಚು ಹೆಚ್ಚಲ್ಲ, ಉಳಿಯುವುದು ಜೀವ.

ಕೊಲ್ಲಿಯಿಂದ ಕರಾವಳಿಗೆ

ನಮ್ಮ ಎಷ್ಟೋ ಮನೆಗಳ ಗಂಡಸರು ಸೌದಿ, ದುಬೈ, ಕತಾರ್, ಕುವೈತ್‌ಗಳಲ್ಲಿ ದುಡಿಯುತ್ತಿದ್ದಾರೆ. ಅವರು ಅಲ್ಲಿಂದ ಕಳಿಸುವ ಹಣದಿಂದ ಇಲ್ಲಿ ಅನ್ನ ಬೇಯುತ್ತದೆ. ಆ ಅನ್ನ ಬೇಯಿಸುವ ಅನಿಲವೂ ಬಹುಮಟ್ಟಿಗೆ ಆ ನಾಡುಗಳದ್ದೇ! ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾವು ಹೊರಗಿನಿಂದ ತರಿಸುತ್ತಾ ಬಂದಿದ್ದೇವೆ. ಅದರಲ್ಲಿ ಹೆಚ್ಚಿನ ಪಾಲು ಹಲವು ವರ್ಷ ಕೊಲ್ಲಿ ದೇಶಗಳಿಂದಲೇ ಬಂತು. ಸೌದಿ ಅರಾಮ್ಕೊ ಕಂಪೆನಿ ತಿಂಗಳಿಗೊಮ್ಮೆ ಪ್ರಕಟಿಸುವ ದರವನ್ನು ಆಧರಿಸಿ ಇಲ್ಲಿನ ದರ ಲೆಕ್ಕ ಹಾಕುವುದು ಬಹುಕಾಲದ ರೂಢಿ. ಅಲ್ಲಿ ಯುದ್ಧದ ಮಾತು ಎದ್ದರೆ ಇಲ್ಲಿ ಸಿಲಿಂಡರಿನ ಬೆಲೆಯ ಚಿಂತೆ ಏಳುವುದು ಇದಕ್ಕಾಗಿಯೇ. ಒಂದೇ ಕಡೆಯನ್ನು ನೆಚ್ಚಿಕೊಳ್ಳಬಾರದೆಂದು 2025ರ ನವೆಂಬರಿನಲ್ಲಿ ನಮ್ಮ ತೈಲ ಕಂಪೆನಿಗಳು 2026ನೇ ಸಾಲಿಗೆ ಸುಮಾರು 22 ಲಕ್ಷ ಟನ್ ಅನಿಲಕ್ಕಾಗಿ ಅಮೆರಿಕದೊಂದಿಗೆ ಒಪ್ಪಂದ ಮಾಡಿಕೊಂಡವು.

ಹಡಗಿನಲ್ಲಿ ಬಂದ ಅನಿಲವನ್ನು ಎಲ್ಲಿ ಇಡುತ್ತಾರೆ? ಮಂಗಳೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ದೊಡ್ಡ ಗುಹೆಯನ್ನೇ ನಿರ್ಮಿಸಲಾಗಿದೆ. ಹಿಂದೂಸ್ತಾನ್ ಪೆಟ್ರೋಲಿಯಂನ ಈ ಗುಹೆ 2025ರಲ್ಲಿ ಸಿದ್ಧವಾಯಿತು. 80,000 ಟನ್ ಅನಿಲ ಹಿಡಿಸುತ್ತದೆ. ನಮ್ಮ ಮನೆಯ ಸಿಲಿಂಡರಿನ ಲೆಕ್ಕದಲ್ಲಿ 56 ಲಕ್ಷ ಸಿಲಿಂಡರುಗಳಾದವು. ಇದರಲ್ಲಿ ಉಕ್ಕಿನ ಟ್ಯಾಂಕಿ ಇಲ್ಲ ಎಂದರೆ ಆಶ್ಚರ್ಯವಾದೀತು. ಬಂಡೆಯ ಬಿರುಕುಗಳಲ್ಲಿ ತುಂಬಿರುವ ಅಂತರ್ಜಲ ಸುತ್ತಲಿಂದಲೂ ಒತ್ತುತ್ತಿರುವುದರಿಂದ ಅನಿಲ ಹೊರಗೆ ಸೋರಲು ದಾರಿಯೇ ಇಲ್ಲ. ನೀರೇ ಅದಕ್ಕೆ ಗೋಡೆ!

ಈಗ ಕೆಲವು ನಗರಗಳಲ್ಲಿ ಕೊಳವೆ ಮೂಲಕವೂ ಮನೆಗೆ ಅನಿಲ ಬರುತ್ತಿದೆ. 2021ರ ಜನವರಿ 5ರಂದು ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಕೊಳವೆ ಮಾರ್ಗದ ಉದ್ದ ಸುಮಾರು 450 ಕಿಲೋಮೀಟರ್. ಈ ಕೊಳವೆಯಲ್ಲಿ ಹರಿಯುವುದು ಮೀಥೇನ್ ಎಂಬ ಬೇರೆ ಅನಿಲ. ಇದು ಗಾಳಿಗಿಂತ ಹಗುರ, ಸೋರಿದರೆ ಛಾವಣಿಗೇರುತ್ತದೆ. ಹಾಗಾಗಿ ಅಂತಹ ಅಡುಗೆಮನೆಗೆ ಮೇಲ್ಭಾಗದಲ್ಲಿ ಗಾಳಿಕಂಡಿ ಬೇಕು. ಸಿಲಿಂಡರಿನ ಒಲೆಯನ್ನು ಹಾಗೆಯೇ ಕೊಳವೆ ಅನಿಲಕ್ಕೆ ಜೋಡಿಸಬಾರದು, ಒಲೆಯ ಜೆಟ್ ಬದಲಿಸಲೇಬೇಕು.

ಸಿಲಿಂಡರ್ ಬಂದಾಗ ನೋಡಬೇಕಾದ್ದು

ಬಾಗಿಲಿಗೆ ಬಂದ ಸಿಲಿಂಡರನ್ನು ಹಾಗೆಯೇ ಒಳಗೆ ಉರುಳಿಸಬೇಡಿ. ಸೀಲ್ ಸರಿಯಿದೆಯೇ ನೋಡಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಉದಾಹರಣೆಗೆ 15.9 ಕಿಲೋ ಎಂದಿದ್ದರೆ ಅದಕ್ಕೆ 14.2 ಸೇರಿಸಿ 30.1 ಕಿಲೋ ತೂಗಬೇಕು. ತೂಕ ಮಾಡಿ ತೋರಿಸುವಂತೆ ಕೇಳುವುದು ನಿಮ್ಮ ಹಕ್ಕು. ಸಂಕೋಚ ಬೇಡ.

ಸಿಲಿಂಡರಿನ ಮೇಲ್ಭಾಗದ ಹಿಡಿಕೆಯ ಪಟ್ಟಿಯ ಒಳಮೈಯಲ್ಲಿ 'ಎ', 'ಬಿ', 'ಸಿ', 'ಡಿ' ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಎರಡು ಅಂಕಿಗಳು ಇರುತ್ತವೆ. ಅದು ಗ್ಯಾಸ್ ಕೆಡುವ ದಿನಾಂಕವೆಂದು ಹಲವರು ತಿಳಿದಿದ್ದಾರೆ. ಗ್ಯಾಸ್ ಕೆಡುವುದಿಲ್ಲ. ಆ ಉಕ್ಕಿನ ಪಾತ್ರೆಯನ್ನು ಮುಂದಿನ ಬಾರಿ ಪರೀಕ್ಷೆಗೆ ಒಳಪಡಿಸಬೇಕಾದ ಅವಧಿಯದು. 'ಎ' ಎಂದರೆ ಜನವರಿಯಿಂದ ಮಾರ್ಚ್, 'ಬಿ' ಎಂದರೆ ಏಪ್ರಿಲ್‌ನಿಂದ ಜೂನ್, 'ಸಿ' ಎಂದರೆ ಜುಲೈಯಿಂದ ಸೆಪ್ಟೆಂಬರ್, 'ಡಿ' ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. 'ಬಿ 28' ಎಂದಿದ್ದರೆ 2028ರ ಜೂನ್ ತಿಂಗಳೊಳಗೆ ಪರೀಕ್ಷೆಯಾಗಬೇಕು. ಅವಧಿ ಮೀರಿದ್ದನ್ನು ತೆಗೆದುಕೊಳ್ಳಬೇಡಿ.

ಕಿತ್ತಳೆ ಬಣ್ಣದ ಸುರಕ್ಷಾ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಬಿರುಕು ಕಂಡರೆ ಅದಕ್ಕೂ ಮೊದಲೇ. ಪೈಪಿಗೆ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಸುತ್ತಿ ಅಂದ ಮಾಡಬೇಡಿ, ಬಿರುಕು ಕಾಣದೆ ಹೋಗುತ್ತದೆ.

ಹೆಚ್ಚಿನ ಮನೆಗಳಲ್ಲಿ ತಿಳಿಯದ ಇನ್ನೊಂದು ಸಂಗತಿಯಿದೆ. ನೋಂದಾಯಿತ ಗ್ರಾಹಕರ ಮನೆಯಲ್ಲಿ ಎಲ್‌ಪಿಜಿಯಿಂದ ಅಪಘಾತವಾದರೆ ಪರಿಹಾರಕ್ಕೆಂದು ತೈಲ ಕಂಪೆನಿಗಳೇ ವಿಮೆ ಮಾಡಿಸಿವೆ. ಇದಕ್ಕೆ ನೀವು ಬೇರೆ ಕಂತು ಕಟ್ಟಬೇಕಾಗಿಲ್ಲ. ಅವಘಡವಾದಲ್ಲಿ ಕೂಡಲೇ ಗ್ಯಾಸ್ ಏಜೆನ್ಸಿಗೂ ಪೊಲೀಸರಿಗೂ ಲಿಖಿತವಾಗಿ ತಿಳಿಸಬೇಕು. ಸಂಪರ್ಕ ಯಾರ ಹೆಸರಿನಲ್ಲಿದೆ, ವಿಳಾಸ ಸರಿಯಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ. ಮನೆ ಬದಲಿಸಿ ವಿಳಾಸ ಬದಲಿಸದೆ ಇದ್ದರೆ ಪರಿಹಾರ ಸಿಗುವುದು ಕಷ್ಟ.

ಮಲಗುವ ಮುನ್ನ

ಒಮ್ಮೆ ಮದೀನಾದಲ್ಲಿ ರಾತ್ರಿ ಹೊತ್ತು ಮನೆಯೊಂದಕ್ಕೆ ಬೆಂಕಿ ಬಿತ್ತು. ವಿಷಯ ತಿಳಿದ ಪ್ರವಾದಿವರ್ಯರು(ಸ) ಬೆಂಕಿ ನಿಮ್ಮ ಶತ್ರುವೆಂದು ಎಚ್ಚರಿಸಿ, ಮಲಗುವಾಗ ಅದನ್ನು ನಂದಿಸಬೇಕೆಂದು ಉಪದೇಶಿಸಿದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಇಲಿಯು ದೀಪದ ಬತ್ತಿಯನ್ನು ಎಳೆದೊಯ್ದು ಮನೆಗೆ ಬೆಂಕಿ ಹಚ್ಚೀತೆಂಬ ಎಚ್ಚರಿಕೆಯನ್ನೂ ಅವರು ನೀಡಿದ್ದಾರೆ. ಎಣ್ಣೆ ದೀಪದ ಕಾಲ ಹೋಯಿತು, ಇಲಿಗಳು ಹೋಗಿಲ್ಲ. ಇಂದು ಅವು ಬತ್ತಿ ಎಳೆಯುವ ಬದಲು ಗ್ಯಾಸಿನ ರಬ್ಬರ್ ಪೈಪನ್ನು ಕಡಿಯುತ್ತವೆ! ರಾತ್ರಿ ಒಲೆಯ ನಾಬ್ ತಿರುಗಿಸಿಬಿಟ್ಟರೆ ಸಾಲದು. ಪೈಪಿನ ತುಂಬಾ ಅನಿಲ ನಿಂತೇ ಇರುತ್ತದೆ, ಪೈಪ್ ತೂತಾದರೆ ಸಿಲಿಂಡರೇ ಖಾಲಿಯಾಗುವ ತನಕ ಸೋರಬಹುದು. ರೆಗ್ಯುಲೇಟರನ್ನೇ ಬಂದ್ ಮಾಡಿ ಮಲಗಬೇಕು. ಪ್ರವಾದಿವರ್ಯರ(ಸ) ಆ ಆದೇಶವನ್ನು ಇಂದಿನ ಅಡುಗೆಮನೆಯಲ್ಲಿ ಪಾಲಿಸುವ ಬಗೆ ಇದೇ. ಕೆಲಸ ಅರೆಕ್ಷಣದ್ದು. ಸುನ್ನತ್ ಎಂಬ ಸಂಕಲ್ಪದಿಂದ ಮಾಡಿದರೆ ಪುಣ್ಯವೂ ಇದೆ.

ರಮಝಾನಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಸಹ್ರಿಗೆ ನಿದ್ದೆಗಣ್ಣಿನಲ್ಲಿ ಎದ್ದು ಒಲೆಯ ಮೇಲೆ ಹಾಲಿಟ್ಟು ಒರಗಿದರೆ, ಹಾಲು ಉಕ್ಕಿ ಜ್ವಾಲೆ ನಂದಿ ಅನಿಲ ಮಾತ್ರ ಹೊರಬರುತ್ತಿರುತ್ತದೆ. ಇಫ್ತಾರಿನ ಗಡಿಬಿಡಿಯಲ್ಲಿ ಕಾದ ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ನೀರು ಸುರಿಯಬೇಡಿ. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಒಲೆ ಆರಿಸಿ, ಬಾಣಲೆಗೆ ತಟ್ಟೆ ಮುಚ್ಚಿ. ಗಾಳಿ ಇಲ್ಲದೆ ಬೆಂಕಿ ತಾನಾಗಿ ನಂದುತ್ತದೆ. ದುಪಟ್ಟಾದ ಸೆರಗನ್ನು ಕಟ್ಟಿಕೊಂಡೇ ಒಲೆಯ ಮುಂದೆ ನಿಲ್ಲಿ.

ಅನುಗ್ರಹವನ್ನು ಪೋಲು ಮಾಡದಿರೋಣ

ಒಂದು ಸಿಲಿಂಡರಿನಲ್ಲಿ ಅಡಗಿರುವ ಶಾಖ ಸುಮಾರು 180 ಯುನಿಟ್ ವಿದ್ಯುತ್ತಿಗೆ ಸಮ. ಆದರೆ ಅದೆಲ್ಲವೂ ಪಾತ್ರೆಗೆ ತಲುಪುವುದಿಲ್ಲ. ಐಎಸ್‌ಐ ಗುರುತಿನ ಒಲೆ ಕನಿಷ್ಠ ಶೇಕಡಾ 68ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕೆಂಬ ನಿಯಮವಿದೆ. ಉಳಿದದ್ದು ಗಾಳಿಗೆ. ಜ್ವಾಲೆ ಪಾತ್ರೆಯ ತಳ ದಾಟಿ ಅಂಚಿಗೆ ಬಂದರೆ ಆ ನಷ್ಟ ಇನ್ನೂ ಹೆಚ್ಚು. ಬೇಳೆ, ಕಡಲೆ ಮೊದಲೇ ನೆನೆಯಲಿ. ಪಾತ್ರೆಗೆ ಮುಚ್ಚಳವಿರಲಿ. ಕುದಿ ಬಂದ ಮೇಲೆ ಉರಿ ಸಣ್ಣದಾಗಲಿ, ಏಕೆಂದರೆ ಕುದಿಯುವ ನೀರು ಎಷ್ಟು ಉರಿ ಹಾಕಿದರೂ 100 ಡಿಗ್ರಿ ದಾಟುವುದಿಲ್ಲ. ಹೆಚ್ಚಿನ ಉರಿಯಿಂದ ನೀರು ಬೇಗ ಬತ್ತುತ್ತದೆ, ಅನ್ನ ಬೇಗ ಬೇಯುವುದಿಲ್ಲ. ಕುಕ್ಕರಿನೊಳಗೆ ಒತ್ತಡ ಹೆಚ್ಚಿ ಉಷ್ಣತೆ 120 ಡಿಗ್ರಿಯ ಸಮೀಪ ಏರುವುದರಿಂದಲೇ ಅಲ್ಲಿ ಮಾಂಸ ಬೇಗ ಮೃದುವಾಗುವುದು.

ಇದನ್ನು ಓದುತ್ತಿರುವಾಗಲೂ ಸೌದೆ ಒಲೆಯ ಹೊಗೆಯಲ್ಲಿ ಕೆಮ್ಮುತ್ತಿರುವ ಸಹೋದರಿಯರಿದ್ದಾರೆ ಎಂಬುದನ್ನು ಮರೆಯಬಾರದು. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೆಂಗಸರು ಮತ್ತು ಅವರ ಸೊಂಟದ ಮೇಲಿನ ಮಕ್ಕಳು ಈ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುತ್ತಾರೆ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಡಿ ಬಡ ಮನೆಗಳ ಹೆಣ್ಣುಮಕ್ಕಳ ಹೆಸರಿನಲ್ಲಿ 10 ಕೋಟಿಗೂ ಹೆಚ್ಚು ಸಂಪರ್ಕಗಳನ್ನು ಕೊಡಲಾಗಿದೆ. ಸಂಪರ್ಕ ಸಿಕ್ಕಿದರೂ ಮತ್ತೊಂದು ಸಿಲಿಂಡರಿಗೆ ಹಣ ಹೊಂದದೆ ಸೌದೆಗೆ ಮರಳಿದ ಮನೆಗಳು ನಮ್ಮ ಅಕ್ಕಪಕ್ಕದಲ್ಲೇ ಇರಬಹುದು. ರಮಝಾನ್ ಕಿಟ್ ಹಂಚುವಾಗ ಅಕ್ಕಿ, ಸಕ್ಕರೆಯ ಜೊತೆ ಅಂತಹ ಮನೆಗೆ ಒಂದು ಸಿಲಿಂಡರಿನ ಹಣವನ್ನೂ ಸೇರಿಸಿದರೆ ಹೇಗೆ? ಒಬ್ಬ ತಾಯಿಯ ಶ್ವಾಸಕೋಶಕ್ಕೆ ಒಂದೆರಡು ತಿಂಗಳ ಬಿಡುವು ಕೊಟ್ಟಂತಾಗುತ್ತದೆ.

ನೀವು ಹಚ್ಚುವ ಬೆಂಕಿಯನ್ನು ಕುರಿತು ಎಂದಾದರೂ ಯೋಚಿಸಿದ್ದೀರಾ ಎಂಬ ಅರ್ಥದ ಪ್ರಶ್ನೆಯನ್ನು ಪವಿತ್ರ ಕುರ್‌ಆನ್ ಸೂರಃ ಅಲ್‌ವಾಕಿಅಃದಲ್ಲಿ ನಮ್ಮ ಮುಂದಿಡುತ್ತದೆ. ಅದಕ್ಕೆ ಬೇಕಾದ ಮರವನ್ನು ಸೃಷ್ಟಿಸಿದವರಾರೆಂದು ಕೇಳುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಬಿಸಿಲುಂಡು ಬೆಳೆದ ಸೂಕ್ಷ್ಮ ಸಸ್ಯ ಮತ್ತು ಜೀವಿಗಳು ಕೆಸರಿನಡಿ ಹೂತು, ಒತ್ತಡ ಮತ್ತು ಶಾಖದಿಂದ ತೈಲವಾಗಿ ಅನಿಲವಾಗಿ ನಿಮ್ಮ ಒಲೆಗೆ ಬಂದಿವೆ. ಒಲೆಯ ನೀಲಿ ಜ್ವಾಲೆ ಎಂದರೆ ಅಂದಿನ ಬಿಸಿಲೇ. ಒಮ್ಮೆ ಉರಿದರೆ ಮತ್ತೆ ಬರುವಂತಹದ್ದಲ್ಲ. ಅಲ್ಲಾಹನ ಈ ಅನುಗ್ರಹಕ್ಕೆ ಕೃತಜ್ಞತೆ ಸಲ್ಲಿಸಬೇಕಾದರೆ ಅದನ್ನು ಅರಿತು ಬಳಸಬೇಕು, ಮಿತವಾಗಿ ಬಳಸಬೇಕು, ಎಚ್ಚರದಿಂದ ಬಳಸಬೇಕು.

ಇಂದು ರಾತ್ರಿ ಅಡುಗೆಮನೆಯ ದೀಪ ಆರಿಸುವ ಮೊದಲು ರೆಗ್ಯುಲೇಟರ್ ಬಂದ್ ಮಾಡಿದ್ದೀರಾ ನೋಡಿ. ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಅದನ್ನು ಹೇಳಿಕೊಡಿ.